ಟೀಸಿಯ ಶ್ರುತಿ, ಮಿಲ್ಲಿನ ತಾಳ

ಗಂಗಾವತಿಯಿಂದ ಕಾರಟಗಿ ಕಡೆ ಹೊರಟ ಬಸ್ಸು ಶ್ರೀರಾಮನಗರ ದಾಟಿ ಸಿದ್ದಾಪುರದಲ್ಲಿ ನಿಲ್ಲುವ ಮೊದಲೇ ಊರಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಆವಿಯಲ್ಲಿ ಬೆಂದ ಭತ್ತದ ಬಿಸಿ ವಾಸನೆ, ಅದರ ಬೆನ್ನಿಗೆ ಸುಟ್ಟ ಹೊಟ್ಟಿನ ಘಾಟು, ಕಾಲುವೆಯ ಹಸಿ ಕೆಸರು, ಮಿರ್ಚಿ ಬಂಡಿಯ ಕಾದ ಎಣ್ಣೆ. ಸುಗ್ಗಿಯ ದಿನಗಳು. ರಸ್ತೆಯ ಒಂದು ಮಗ್ಗುಲನ್ನೇ ಕಣ ಮಾಡಿಕೊಂಡು ಭತ್ತ ಒಣಹಾಕಿದ್ದಾರೆ. ಹೆಂಗಸರು ಸೀರೆ ಎತ್ತಿಕಟ್ಟಿ ಬರಿಗಾಲಲ್ಲಿ ಸಾಲು ಎಳೆಯುತ್ತ ನಡೆದಂತೆ ಕಾಳು ಸರ್‌ ಸರ್‌ ಎಂದು ಮಗ್ಗುಲು ಬದಲಿಸುತ್ತದೆ. ಮಿಲ್ಲಿನ ಚಿಮಣಿಯಿಂದ ಹಾರಿಬಂದ ಕರಿ ಬೂದಿ ಅವರ ತಲೆಯ ಟವೆಲ್ಲಿನ ಮೇಲೆ, ನಿಂತ ಲಾರಿಗಳ ತಾಡಪಾಲಿನ ಮೇಲೆ, ಚಹಾದಂಗಡಿಯ ಬೆಂಚಿನ ಮೇಲೆ ಸದ್ದಿಲ್ಲದೆ ಇಳಿಯುತ್ತಿರುತ್ತದೆ.

ಇಲ್ಲಿ ಇಳಿದು, ಬೇವಿನ ಮರದ ನೆರಳಿಗೆ ಬಂದು, ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲಿ. ಮೊದಲು ಎಲ್ಲವೂ ಒಂದೇ ಗದ್ದಲವಾಗಿ ಮೈಮೇಲೆ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಒಂದೊಂದೇ ಸದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಮಿಲ್ಲಿನ ಜರಡಿಯದು ಚಕ್‌ಚಕ್ ಚಕ್‌ಚಕ್ ಎನ್ನುವ ಬಿಡುವಿಲ್ಲದ ನಡೆ. ಅದರ ಮೇಲೆ, ಭತ್ತವನ್ನು ಮೇಲಕ್ಕೆ ಹೊತ್ತೊಯ್ಯುವ ಎಲಿವೇಟರಿನ ಡಬ್ಬಿಗಳು ತಗಡಿಗೆ ತಾಗಿ ಆಗಾಗ ಹಾಕುವ ಪೆಟ್ಟು. ಈ ಪೆಟ್ಟು ಜರಡಿಯ ನಡೆಗೆ ಎಂದೂ ಪೂರಾ ಕೂಡುವುದಿಲ್ಲ. ಒಮ್ಮೆ ಮುಂದೆ, ಒಮ್ಮೆ ಹಿಂದೆ ಸರಿಯುತ್ತ, ಯಾವಾಗಲೋ ಒಂದು ಸಲ ಸಮಕ್ಕೆ ಬಂದು ಬಿದ್ದು ಮತ್ತೆ ಜಾರಿಹೋಗುತ್ತದೆ. ಗದ್ದೆಯ ದಿಕ್ಕಿನಿಂದ ಕಟಾವಿನ ಮಷಿನ್ನು ತಿರುವು ತೆಗೆದುಕೊಳ್ಳುವಾಗ ದನಿ ಏರಿಸುತ್ತದೆ. ತೂಬಿನ ಬಾಯಲ್ಲಿ ನೀರು ಬೀಳುತ್ತದೆ. ಇವೆಲ್ಲದರ ತಳದಲ್ಲಿ, ತಂಬೂರಿ ಹಿಡಿದು ಕೂತವರಂತೆ, ಕಂಬದ ಮೇಲಿನ ಟೀಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಗುಂಯ್ ಎನ್ನುತ್ತಿರುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು ಹೊರಳುತ್ತದೆ. ಪ್ರತಿ ಸುತ್ತಿಗೂ ಟೀಸಿಯ ಒಳಗಿನ ಕಬ್ಬಿಣದ ತಗಡುಗಳು ಎರಡು ಸಲ ಹಿಗ್ಗಿ ಕುಗ್ಗುತ್ತವೆ. ಹಾಗಾಗಿ ಸೆಕೆಂಡಿಗೆ 100 ಕಂಪನದ ಆ ಸ್ವರ ಹಗಲೂ ರಾತ್ರಿಯೂ ಅದೇ. ಕಾರಟಗಿಯಲ್ಲೂ ಅದೇ, ಕುಷ್ಟಗಿಯಲ್ಲೂ ಅದೇ.

ಈ ಸ್ವರವನ್ನು ನನಗೆ ಕಿವಿಗೆ ಹಿಡಿಸಿದವನು ಊರಿನ ಡಿಜೆ ಬಾಕ್ಸ್ ಕಟ್ಟುವ ಹುಡುಗ. ಅವನ ತಗಡಿನ ಶೆಡ್ಡು ಕಾಲುವೆ ರಸ್ತೆಯ ಪಕ್ಕದಲ್ಲಿದೆ. ಬಾಗಿಲಲ್ಲೇ ಪ್ಲೈವುಡ್ಡಿನ ಹುಡಿ, ಫೆವಿಕಾಲಿನ ಹುಳಿ ವಾಸನೆ. ಒಳಗೆ ಆಳೆತ್ತರದ ಬಾಕ್ಸುಗಳು ಕರಿ ಬಣ್ಣ ಬಳಿಸಿಕೊಂಡು ಸಾಲಾಗಿ ನಿಂತಿವೆ. ಮದುವೆಯ ಮೆರವಣಿಗೆಗೆ, ಗಣಪತಿ ಬಿಡುವುದಕ್ಕೆ, ಜಾತ್ರೆಗೆ ಇವೇ ಟ್ರ್ಯಾಕ್ಟರ್ ಟ್ರೇಲರ್ ಏರಿ ಹೋಗಬೇಕು. ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಹದಿನೆಂಟು ಇಂಚಿನ ಸ್ಪೀಕರೊಂದನ್ನು ಅಂಗಾತ ಮಲಗಿಸಿಕೊಂಡಿದ್ದಾನೆ. ಹಿಂದಿನ ಮದುವೆಯಲ್ಲಿ ಕಾಯಿಲ್ ಸುಟ್ಟಿದೆ. ಅದರ ಕಮಟು ವಾಸನೆ ಇನ್ನೂ ಬಿಟ್ಟಿಲ್ಲ. ಹಳೆಯ ಕಾಯಿಲನ್ನು ಬ್ಲೇಡಿನಿಂದ ಸುತ್ತಲೂ ಬಿಡಿಸಿ ತೆಗೆದು, ಹೊಸ ತಾಮ್ರದ ಸುರುಳಿಯನ್ನು ಅಯಸ್ಕಾಂತದ ಕೂದಲೆಳೆಯ ಸಂದಿಯಲ್ಲಿ ಕೂರಿಸುತ್ತಾನೆ. ಸುತ್ತಲೂ ಒಂದೇ ಸಮ ಜಾಗ ಉಳಿಯಲೆಂದು ಎಕ್ಸ್‌ರೇ ಹಾಳೆಯ ಪಟ್ಟಿಗಳನ್ನು ಸಿಕ್ಕಿಸಿ ಅಂಟು ಒಣಗುವವರೆಗೆ ಕಾಯುತ್ತಾನೆ. ಒಂದು ಕೂದಲಷ್ಟು ವಾಲಿದರೂ ಸುರುಳಿ ಉಜ್ಜಿ ಕರ್‌ ಎನ್ನುತ್ತದೆಯಂತೆ.

ಅಂಟು ಒಣಗಿದ ಮೇಲಿನ ಪರೀಕ್ಷೆಯನ್ನು ನೀವು ನೋಡಬೇಕು. ಅವನು ಮೊದಲು ಹಾಡು ಹಾಕುವುದಿಲ್ಲ. ಮೊಬೈಲಿನಲ್ಲಿ ಬರಿ ಸ್ವರ ಹುಟ್ಟಿಸುವ ಒಂದು ಆ್ಯಪ್ ತೆರೆದು 40 ಹರ್ಟ್ಸ್ ಇಡುತ್ತಾನೆ. ಅಂಗಳದಿಂದ ಹಿಡಿ ಭತ್ತ ತಂದು ಕೋನಿನ ಬಟ್ಟಲಿಗೆ ಸುರಿಯುತ್ತಾನೆ. ದನಿ ಏರಿಸುತ್ತ ಹೋದಂತೆ ಕಿವಿಗೆ ಏನೂ ಕೇಳುವ ಮೊದಲೇ ಕಾಳುಗಳಿಗೆ ಜೀವ ಬರುತ್ತದೆ. ಮೊದಲು ನಡುಗುತ್ತವೆ, ಆಮೇಲೆ ಅಂಚಿನಿಂದ ನಡುವಿಗೆ ಹರಿದುಬರುತ್ತವೆ, ಆಮೇಲೆ ಗೇಣುದ್ದ ಎದ್ದು ಕುಣಿಯುತ್ತವೆ. ನಿಮ್ಮ ಅಂಗಾಲಿಗೆ ಸಣ್ಣ ನಡುಕ ಹತ್ತುತ್ತದೆ, ಆಮೇಲೆ ಪಕ್ಕೆಲುಬಿಗೆ. ಅವನು ನಿಧಾನವಾಗಿ 50ಕ್ಕೆ, 70ಕ್ಕೆ, 100ಕ್ಕೆ ಏರಿಸಿ ತಟ್ಟನೆ ಹೊರಗೆ ಕೈಮಾಡುತ್ತಾನೆ.

“ಕೇಳ್ರಿ ಸರ, ಈಗ ನಮ್ಮ ಬಾಕ್ಸು, ಹೊರಗಿನ ಟೀಸಿ ಎರಡೂ ಒಂದ ಶ್ರುತಿಗೆ ಬಂದ್ವು.”

ನಿಜ. ಎರಡೂ ಹತ್ತಿರ ಬಂದಾಗ ನಡುವೆ ವಾಂ... ವಾಂ... ಎಂದು ಒಂದು ಅಲೆ ಏಳುತ್ತದೆ, ಪೂರಾ ಕೂಡಿದಾಗ ಅಲೆ ಸತ್ತು ಒಂದೇ ದನಿ ಉಳಿಯುತ್ತದೆ. ತಂಬೂರಿಯ ತಂತಿಗಳನ್ನು ಕೂಡಿಸುವಾಗ ಗವಾಯಿಗಳು ಕಿವಿಗೊಡುವುದು ಇದೇ ಅಲೆಗೆ. ಈ ಹುಡುಗನಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಸುಟ್ಟ ಕಾಯಿಲು, ಟೀಸಿ, ಹಿಡಿ ಭತ್ತ ಇವುಗಳ ನಡುವೆ ಅವನ ಕಿವಿ ತಾನೇ ಅಲ್ಲಿಗೆ ಬಂದು ನಿಂತಿದೆ.

ಅಂಥ ಕಿವಿಗೆ ಇನ್ನೊಂದು ಹಸಿವು ಹುಟ್ಟುವುದು ಸಹಜ. ರಾತ್ರಿ ಮೆರವಣಿಗೆ ಮುಗಿದು ಊರಿಗೆ ಮರಳುವಾಗ ಟ್ರೇಲರಿನಲ್ಲಿ ಮಲಗಿಕೊಂಡು ಮೊಬೈಲಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತ, ಮಾತಿಲ್ಲದ, ಪಲ್ಲವಿಯಿಲ್ಲದ, ಕುಣಿಯಲು ಬಾರದ ಸಂಗೀತವೂ ಇದೆಯೆಂದು ಅವನು ಕಂಡುಕೊಂಡಿದ್ದಾನೆ. ರೇಡಿಯೊ, ಟಿವಿಗಳ ಕಣ್ಣಿಗೆ ಬೀಳದೆ, ಸಣ್ಣ ಸಣ್ಣ ಬಳಗಗಳಲ್ಲಿ ಕೈಯಿಂದ ಕೈಗೆ ಹೋಗುವ ಸಂಗೀತ ಅದು. ಒಂದು ಮಧ್ಯಾಹ್ನ ಅವನು ತನ್ನ ದೊಡ್ಡ ಬಾಕ್ಸಿನಲ್ಲೇ, ದನಿ ಬಹಳ ತಗ್ಗಿಸಿ, ಒಂದು ಹಳೆಯ ಟೇಪಿನ ಸದ್ದು ಹಾಕಿದ. ಸಣ್ಣ ಚಿಲಿಪಿಲಿ, ಅದರಡಿಯಲ್ಲಿ ಏರಿ ಇಳಿಯುವ ಗುಂಯ್‌ಕಾರ, ನಡುವೆ ಲೋಹ ಉಜ್ಜಿದ ದನಿ. ಅಂಟಿನ ಡಬ್ಬಿ ಹಿಡಿದು ಬಂದ ಅವನ ಗೆಳೆಯ ಬಾಗಿಲಲ್ಲೇ ನಿಂತ.

“ಹಾಡು ಯಾವಾಗ ಶುರು ಆಗತೈತೋ?”

“ಇದ ಹಾಡಲೇ. ಕೇಳು.”

ಗೆಳೆಯ ಕೂತ. ಹೊಟ್ಟಿನ ಬ್ಲೋವರಿನ ಸದ್ದು ಅಂದ. ಮೋಟರಿಗೆ ಒಂದು ಫೇಸ್ ಹೋದಾಗ ಹಿಂಗ ಒದರತೈತಿ ಅಂದ. ಅವನು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಕರೆಂಟಿನ ಬಲವನ್ನು ಏರಿಸಿ ಇಳಿಸಿ ಸ್ವರ ಕಟ್ಟುವ ಉಪಕರಣದಿಂದಲೇ ಆ ಸದ್ದು ಹುಟ್ಟಿದ್ದು.

ಆ ಟೇಪು ಅಹಮದಾಬಾದಿನದು. 1961ರಲ್ಲಿ ಶುರುವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಒಂದು ಕೋಣೆಗೆ 1969ರಲ್ಲಿ ಅಮೆರಿಕದಿಂದ ಒಂದು ಮೋಗ್ ಸಿಂಥೆಸೈಜರ್ ಬಂತು. ಅದಕ್ಕೆ ತಂತಿ ಇಲ್ಲ, ಚರ್ಮ ಇಲ್ಲ, ಊದುವ ಕೊಳವೆ ಇಲ್ಲ. ಒಂದು ಭಾಗ ಕಂಪನ ಹುಟ್ಟಿಸುತ್ತದೆ, ಇನ್ನೊಂದು ಅದರ ಚೂಪನ್ನು ಸೋಸುತ್ತದೆ, ಮತ್ತೊಂದು ದನಿಯನ್ನು ಏರಿಸಿ ಆರಿಸುತ್ತದೆ. ಯಾವುದರಿಂದ ಯಾವುದಕ್ಕೆ ವೈರು ಚುಚ್ಚುತ್ತೀರೋ ಅದರಂತೆ ಸದ್ದು. ಅದನ್ನು ಅಲ್ಲಿ ಜೋಡಿಸಿಕೊಟ್ಟವರು ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರ. ಇದರ ಹಿಂದೆ ಗೀತಾ ಸಾರಾಭಾಯಿ ಇದ್ದರು. ಪಖಾವಾಜ್ ನುಡಿಸುತ್ತಿದ್ದ ಈ ಹೆಣ್ಣುಮಗಳು 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಸಂಗೀತ ಸಂಯೋಜಕ ಜಾನ್ ಕೇಜ್ ಅವರಿಗೆ ನಮ್ಮ ಸಂಗೀತ ಹೇಳಿಕೊಟ್ಟು, ಅವರಿಂದ ಪಶ್ಚಿಮದ ಹೊಸ ಸಂಗೀತ ಕಲಿತು ಬಂದವರು. ಅವರ ಜೊತೆ ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಆ ಕೋಣೆಯಲ್ಲಿ ಕೂತು ಟೇಪುಗಳನ್ನು ತುಂಬಿಸಿದರು. 1970ರ ಒಸಾಕಾ ಜಾಗತಿಕ ಮೇಳಕ್ಕೆಂದು ಅತುಲ್ ದೇಸಾಯಿ ಧ್ವನಿ ಸಿದ್ಧಪಡಿಸಿದರು. ಜೋಶಿಪುರ ಆಗಿನ್ನೂ ವಾಸ್ತುಶಿಲ್ಪ ಓದುವ ಹುಡುಗ. ಬಾಹ್ಯಾಕಾಶ ಯಾನದ ಕನಸನ್ನು ಸದ್ದಿನಲ್ಲಿ ಕಟ್ಟಿದ. ನಾಲ್ಕು ವರ್ಷ ತುಂಬುವಷ್ಟರಲ್ಲಿ ಎಲ್ಲ ನಿಂತುಹೋಗಿ ಟೇಪುಗಳು ಕಪಾಟು ಸೇರಿದವು. ಸುಮಾರು ಅರ್ಧ ಶತಮಾನದ ಮೇಲೆ ಲಂಡನ್ನಿನ ಕಲಾವಿದ ಪಾಲ್ ಪುರ್ಗಸ್ ಅವುಗಳ ಧೂಳು ಕೊಡವಿದರು. 2023ರಲ್ಲಿ ಅವು ಆಲ್ಬಮ್ಮಾಗಿ ಹೊರಬಂದವು. ಹಾಗೆ ಬಂದದ್ದರಿಂದಲೇ ಸಿದ್ದಾಪುರದ ಶೆಡ್ಡಿನವರೆಗೂ ಬರಲು ಸಾಧ್ಯವಾಯಿತು.

ಹುಡುಗನಿಗೆ ಇದಕ್ಕಿಂತ ಒಂದು ತೂಕ ಹೆಚ್ಚು ಪ್ರೀತಿ ಚರಣ್‌ಜೀತ್ ಸಿಂಗ್ ಮೇಲೆ. ಮುಂಬೈ ಸಿನಿಮಾ ವಾದ್ಯಗೋಷ್ಠಿಗಳಲ್ಲಿ ದುಡಿಯುತ್ತಿದ್ದ ಇವರು ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಮುಂದಿಟ್ಟುಕೊಂಡು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಹೊಂದಿಸಿ ರೆಕಾರ್ಡ್ ಮಾಡಿದರು. ಭೈರವಿ, ಲಲಿತ್, ತೋಡಿ, ಯಮನ್, ಮಾಲ್ಕೌಂಸ್ ಎಲ್ಲ ಆ ಚಿಪ್ಪುಗಳೊಳಗಿಂದ ಜಾರುಜಾರಾಗಿ ಹರಿದುಬಂದವು. ಅದು ಮಾರಾಟವಾಗಲಿಲ್ಲ. ಆ ಮೂರರಲ್ಲಿ ಬೇಸ್ ಗಿಟಾರ್ ನುಡಿಸುವವರ ಜಾಗ ತುಂಬಲೆಂದು ತಯಾರಾದ ಟಿಬಿ-303 ಕೂಡ ಕಂಪನಿಯ ಪಾಲಿಗೆ ಸೋತ ಯಂತ್ರವೇ. ಅದನ್ನೇ ಷಿಕಾಗೋದ ಹುಡುಗರು ಹಳೆಯ ಸಾಮಾನಿನಂಗಡಿಯಿಂದ ಅಗ್ಗಕ್ಕೆ ತಂದು, ಗುಂಡಿಗಳನ್ನು ತಿರುವಬಾರದ ಹಾಗೆ ತಿರುವಿ 1987ರಲ್ಲಿ ‘ಆ್ಯಸಿಡ್ ಟ್ರ್ಯಾಕ್ಸ್’ ಹೊರತಂದಾಗ ಜಗತ್ತಿಗೆ ಹೊಸ ಕುಣಿತವೇ ಸಿಕ್ಕಿತು. ಐದು ವರ್ಷ ಮೊದಲೇ ಆ ಸದ್ದು ಮುಂಬೈಯಲ್ಲಿ ರಾಗ ಹಾಡಿತ್ತೆಂದು ತಿಳಿದದ್ದು, 2002ರಲ್ಲಿ ದೆಹಲಿಯ ಅಂಗಡಿಯೊಂದರಲ್ಲಿ ಆ ರೆಕಾರ್ಡಿನ ತಟ್ಟೆ ಡಚ್ ಸಂಗ್ರಾಹಕ ಎಡೊ ಬೌಮನ್ ಕೈಗೆ ಸಿಕ್ಕು 2010ರಲ್ಲಿ ಮರುಮುದ್ರಣವಾದ ಮೇಲೆ. 2015ರಲ್ಲಿ ತೀರಿಕೊಳ್ಳುವ ಮೊದಲು ಚರಣ್‌ಜೀತರು ಪರದೇಶದ ವೇದಿಕೆಗಳಲ್ಲಿ ತಮ್ಮ ರಾಗಗಳನ್ನು ಮತ್ತೆ ನುಡಿಸಿ, ಎದುರಿಗೆ ತುಂಬಿ ನಿಂತ ಜನರನ್ನು ಕಂಡರು. ಈ ಭಾಗ ಹೇಳುವಾಗ ಹುಡುಗನ ಮುಖ ಅರಳುತ್ತದೆ.

ನಮ್ಮ ಕಡೆಯ ಮನೆಗಳಿಗೆ ಕರೆಂಟಿನ ನಾದ ಬಂದ ದಾರಿ ಬೇರೆ. ಊರಿನ ಮಠದಲ್ಲಿ ಭಜನೆಗೆ ಕೂತಾಗ ಹಾರ್ಮೋನಿಯಂ ಪಕ್ಕದಲ್ಲಿ ಒಂದು ಚಿಕ್ಕ ಪೆಟ್ಟಿಗೆ ಇಟ್ಟು ಗುಂಡಿ ತಿರುವುತ್ತಾರಲ್ಲ, ಆ ಶ್ರುತಿಪೆಟ್ಟಿಗೆ. ಎಚ್.ಎ.ಎಲ್.ನಲ್ಲಿ ಎಂಜಿನಿಯರಾಗಿದ್ದ, ಸ್ವತಃ ಕೊಳಲು ನುಡಿಸುವ ಬೆಂಗಳೂರಿನ ಜಿ. ರಾಜ್ ನಾರಾಯಣ್ 1970ರ ದಶಕದಲ್ಲಿ ಅದರ ಬೆನ್ನುಹತ್ತಿ, ರೇಡಲ್ ಎಂಬ ಕಂಪನಿ ಕಟ್ಟಿ, ಎಲೆಕ್ಟ್ರಾನಿಕ್ ತಂಬೂರಿ, ಎಲೆಕ್ಟ್ರಾನಿಕ್ ತಬಲಾಗಳನ್ನು ಗವಾಯಿಗಳ ಚೀಲದೊಳಗೆ ಸೇರಿಸಿದರು. ದೊಡ್ಡ ಆವಿಷ್ಕಾರವದು, ಪ್ರಯೋಗದ ಸಂಗೀತದ ಚರಿತ್ರೆ ಬರೆಯುವವರು ಅದಕ್ಕೂ ಒಂದು ಅಧ್ಯಾಯ ಇಡಬೇಕೆಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಹಳ್ಳಿಯ ನಾಟಕಗಳಿಗೆ ಕೀಬೋರ್ಡ್ ಬಂದದ್ದು ಆಮೇಲೆ. ಯಾವ ಕಂಪನಿಯದಾದರೂ ಅದು ನಮ್ಮಲ್ಲಿ ‘ಕ್ಯಾಸಿಯೋ’ನೇ. ಖಳನಾಯಕ ರಂಗಕ್ಕೆ ಬರುವಾಗ ಒಂದೇ ಸ್ವರವನ್ನು ಒತ್ತಿ ಹಿಡಿದು ಬಗ್ಗಿಸುವುದು, ಪ್ಯಾಡಿನ ಮೇಲೆ ಗುಡುಗು ಬಾರಿಸುವುದು, ಇದನ್ನೆಲ್ಲ ನೋಡುತ್ತಲೇ ಈ ಹುಡುಗರು ಬೆಳೆದಿದ್ದಾರೆ. ಈಗಿನ ಉತ್ತರ ಕರ್ನಾಟಕದ ಜಾನಪದ ಡಿಜೆ ಹಾಡುಗಳು ಗೋಡೆಗೆ ಹಾಸಿಗೆ ಕಟ್ಟಿದ ಪುಟ್ಟ ಕೋಣೆಗಳಲ್ಲಿ, ಒಂದು ಕಂಪ್ಯೂಟರಿನ ಎದುರು ತಯಾರಾಗಿ, ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ಟರಿನಿಂದ ಟ್ರ್ಯಾಕ್ಟರಿಗೆ ಹೋಗುತ್ತವೆ.

ಬೆಂಗಳೂರಿನ ಮಾತು ಬೇರೆ. ಅಲ್ಲಿ ತನ್ವಿ ರಾವ್, ರಾಹುಲ್ ಗಿರಿ ಇಬ್ಬರ ‘ಸಲ್ಕ್ ಸ್ಟೇಷನ್’ 2012ರ ಆಲ್ಬಮ್ಮಿನಲ್ಲಿ ಹಿಂದೂಸ್ತಾನಿ ಆಲಾಪದ ನೆರಳನ್ನು ನಿಧಾನಗತಿಯ ಎಲೆಕ್ಟ್ರಾನಿಕ್ ತಾಳದ ಮೇಲೆ ಹಾಸಿತು. ಪತ್ರಕರ್ತರಾಗಿದ್ದು ಸದ್ದಿನ ಹಿಂದೆ ಬಿದ್ದ ಉಮಾಶಂಕರ್ ಮಂತ್ರವಾಡಿ ತಾವೇ ಮೈಕುಗಳನ್ನು ಕಟ್ಟಿಕೊಂಡು ನಾಗಾರ್ಜುನಕೊಂಡದ ಬಯಲು ರಂಗಮಂದಿರ, ಒಡಿಶಾದ ರಾಣಿಗುಂಫೆಯಂಥ ಹಳೆಯ ಜಾಗಗಳಲ್ಲಿ ದನಿ ಹೇಗೆ ನಡೆಯುತ್ತದೆಂದು ಅಳೆದರು. ಈ ಹೆಸರು ಹೇಳಿದಾಗ ಹುಡುಗ ಕೆಲಸ ನಿಲ್ಲಿಸಿ ಕೇಳಿದ, “ಹಂಗಾರ ನಮ್ಮ ಬೆಣಕಲ್ ಗುಡ್ಡ ಅಳದಾರೇನ್ರಿ?”

ಆ ಗುಡ್ಡಕ್ಕೆ ಅವನೇ ಕರೆದೊಯ್ದ. ಗಂಗಾವತಿಯಿಂದ ಹತ್ತೇ ಕಿಲೋಮೀಟರಿನಷ್ಟು ದೂರದ ಹಿರೇಬೆಣಕಲ್. ಬೆಳಗಿನ ಇಬ್ಬನಿ ಇನ್ನೂ ಹುಲ್ಲಿನ ಮೇಲಿರುವಾಗ ಬಂಡೆ ಸಂದಿಯ ದಾರಿ ಹಿಡಿದು ಏರಿದರೆ, ಮೇಲೆ ಕಲ್ಲಿನ ಊರೇ ತೆರೆದುಕೊಳ್ಳುತ್ತದೆ. ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ ಮನೆಗಳು, ಕೆಲವಕ್ಕೆ ದುಂಡನೆಯ ಕಿಂಡಿ. ಸುಮಾರು 400 ಶಿಲಾಸಮಾಧಿಗಳು, ಎರಡು ಸಾವಿರ ವರ್ಷಕ್ಕೂ ಹಳೆಯವು. ಜನ ಇದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದೆ. ಹುಡುಗ ಸಮಾಧಿಗಳ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ನೇರ ಹೋದದ್ದು ಹತ್ತು ಮೀಟರ್ ಎತ್ತರದ ಬಂಡೆಯೊಂದರ ಬುಡಕ್ಕೆ. ಅದರ ನೆತ್ತಿಯ ಮೇಲೆ ಬೋರಲು ಹಾಕಿದ ಅರ್ಧಗೋಳದ ಹಾಗೊಂದು ಕಲ್ಲು, ಅಡ್ಡಗಲ ಎರಡು ಮೀಟರ್. ನಗಾರಿ ಕಲ್ಲು. ಮರದ ಕೊಡತಿಯಿಂದ ಹೊಡೆದರೆ ಕಿಲೋಮೀಟರ್ ಆಚೆಗೂ ಕೇಳುತ್ತದೆ ಎನ್ನುತ್ತಾರೆ. ಹುಡುಗ ಬರಿಗಾಲಲ್ಲಿ ಹತ್ತಿ, ಕಾಪಾಡಬೇಕಾದ ಕಲ್ಲೆಂದು ಅಂಗೈಯಿಂದಷ್ಟೇ ತಟ್ಟಿದ. ಕೆಳಗಿದ್ದ ನಮಗೆ ಒಂದು ಒಣ, ಆಳದ ಗುದ್ದು ಬಂತು. ಬಂಡೆಗೆ ಕಿವಿ ಆನಿಸಿ ಮತ್ತೆ ತಟ್ಟಿ, ದನಿಯ ಬಾಲ ಎಷ್ಟು ಉದ್ದ ಇದೆಯೆಂದು ಎಣಿಸುತ್ತಿದ್ದ. ಬಳ್ಳಾರಿ ಬಳಿಯ ಕುಪ್ಪಗಲ್ಲು ಗುಡ್ಡದಲ್ಲಿ ಇದಕ್ಕೂ ಹಿಂದಿನ ನವಶಿಲಾಯುಗದ ಜನ ಕಪ್ಪು ಬಂಡೆಗಳನ್ನು ಬಡಿದು ಬಡಿದು ಕುಳಿ ಬೀಳಿಸಿದ್ದಾರೆ. ಆ ಕುಳಿಗೆ ಕಲ್ಲು ತಾಗಿಸಿದರೆ ಗಂಟೆಯ ದನಿ. ಪುರಾತತ್ವಜ್ಞೆ ನಿಕೋಲ್ ಬೋಯ್ವಿನ್ 2004ರಲ್ಲಿ ಅದರ ಅಧ್ಯಯನ ಪ್ರಕಟಿಸಿದರು. ಕಲ್ಲುಗಣಿಗಳ ಬಾಯಿಗೆ ಆ ಗುಡ್ಡದ ಅಂಚು ಸಿಕ್ಕಿದ್ದನ್ನೂ ಅವರು ಬರೆದರು. ದನಿ ಕೊಡುವ ಕಲ್ಲನ್ನು ಜಲ್ಲಿ ಮಾಡುವುದಕ್ಕಿಂತ ದೊಡ್ಡ ನಷ್ಟ ಯಾವುದಿದೆ?

ಮೊಹರಂನ ಅಲಾಯಿ ಹಬ್ಬದಲ್ಲಿ ಊರಿಗೆ ಬಂದರೆ ಇನ್ನೊಂದು ಪ್ರಯೋಗಶಾಲೆ ಕಾಣುತ್ತದೆ. ಅಲಾಯಿ ಕುಣಿಯ ಪಕ್ಕದಲ್ಲಿ ಹುಲ್ಲಿಗೆ ಬೆಂಕಿ ಇಟ್ಟು ಹಲಗಿ ಕಾಸುತ್ತಾರೆ. ಚರ್ಮ ಬಿಸಿಯಾದಂತೆ ಬಿಗಿಯುತ್ತದೆ, ಬಿಗಿದಂತೆ ಸ್ವರ ಏರುತ್ತದೆ. ಬೆರಳ ತುದಿಯಿಂದ ಟಣ್ ಎನಿಸಿ ನೋಡಿ, ಸಾಲದೆಂದರೆ ಮತ್ತೆ ಉರಿಗೆ ಹಿಡಿಯುತ್ತಾರೆ. ಹುಡುಗ ಮಿಕ್ಸರಿನ ಗುಂಡಿ ತಿರುವುವಾಗಿನ ಮುಖವೂ ಹಲಗಿ ಕಾಸುವ ಹಿರಿಯರ ಮುಖವೂ ಬೇರೆಯಾಗಿ ನನಗೆ ಕಂಡಿಲ್ಲ. ಕರೆಂಟಿನಿಂದ ಹೊಸ ದನಿ ತೆಗೆಯುವುದು ಪಟ್ಟಣದವರ ಸೊತ್ತೆಂದು ಯಾರಾದರೂ ಅಂದರೆ ಅವರನ್ನು ಈ ಎರಡು ಮುಖಗಳ ಮುಂದೆ ತಂದು ಕೂರಿಸಬೇಕು.

ಒಂದು ಮಾತಿನಲ್ಲಿ ಮಾತ್ರ ಹುಡುಗನ ವೃತ್ತಿಗೂ ನನಗೂ ಹೊಂದುವುದಿಲ್ಲ. ಅದು ದನಿಯ ಅಳತೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬಂದ್. ಮೆರವಣಿಗೆಯ ಬಾಕ್ಸು ಆ ಅಳತೆಯನ್ನು ಎಲ್ಲಿಯೋ ಹಿಂದೆ ಬಿಟ್ಟು ಕೂಗುತ್ತದೆ. ತೊಟ್ಟಿಲ ಕೂಸು ಬೆಚ್ಚುತ್ತದೆ, ಎದೆನೋವಿನ ಮುದುಕರು ಬಾಗಿಲು ಹಾಕಿಕೊಳ್ಳುತ್ತಾರೆ. ಗಿರಾಕಿ ಕೇಳುವುದೇ ಜೋರು, ಇನ್ನೂ ಜೋರು. ಹುಡುಗನಿಗೂ ಅದು ಗೊತ್ತು. ಟ್ರೇಲರಿನ ಮೇಲೆ ಕೂರುವಾಗ ಅವನು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾನೆ. ಜೋರಿನಲ್ಲಿ ಬೇಸಿನ ರುಚಿ ಸಿಗುವುದಿಲ್ಲ, ಹೊಡೆತ ಅಷ್ಟೇ ಸಿಗುತ್ತದೆ ಎನ್ನುವುದು ಅವನದೇ ಅನುಭವ. ಅವನ ಶೆಡ್ಡಿನಲ್ಲಿ ತಗ್ಗಿದ ದನಿಯಲ್ಲಿ ಕೇಳಿದ 40 ಹರ್ಟ್ಸಿನ ಸ್ವರ ನನಗೆ ಈಗಲೂ ಮೈಯಲ್ಲಿ ಉಳಿದಿದೆ. ಯಾವ ಮೆರವಣಿಗೆಯದೂ ಹಾಗೆ ಉಳಿದಿಲ್ಲ.

ಈಗ ಅವನ ಮೊಬೈಲಿನಲ್ಲಿ ಮಿಲ್ಲು ಶುರುವಾಗುವ ಸದ್ದು ಇದೆ. ಮೋಟರು ಮೊದಲು ಗುರುಗುಟ್ಟಿ, ಬೆಲ್ಟುಗಳು ಒಂದೊಂದಾಗಿ ಎಳೆತಕ್ಕೆ ಬಂದು, ಕೊನೆಗೆ ಜರಡಿ ಲಯ ಹಿಡಿಯುವವರೆಗಿನದು. ಅದನ್ನು ಕಂಪ್ಯೂಟರಿಗೆ ಹಾಕಿ, ವೇಗ ಎಂಟು ಪಟ್ಟು ಇಳಿಸಿದ್ದಾನೆ. ಚಕ್‌ಚಕ್ ಎನ್ನುತ್ತಿದ್ದದ್ದು ಗವಿಯೊಳಗಿನ ದೊಡ್ಡ ಗುದ್ದುಗಳಾಗಿ, ಎಲಿವೇಟರಿನ ಪೆಟ್ಟು ಉದ್ದುದ್ದ ಲೋಹದ ನರಳಾಟವಾಗಿ ಕೇಳುತ್ತದೆ. ಅದರ ಕೆಳಗೆ ಟೀಸಿಯ ದನಿಯನ್ನು ಹಾಗೇ ಬಿಟ್ಟಿದ್ದಾನೆ, ವೇಗ ಇಳಿಸದೆ. ನಡುವೆ ಒಂದೆಡೆ ಭತ್ತದಲ್ಲಿ ಕಾಲಾಡಿಸುವ ಹೆಂಗಸರ ಸರ್‌ ಸರ್‌ ಮೂರು ಸಲ ಹಾದುಹೋಗುತ್ತದೆ. ಕೇಳಿ ಮುಗಿಸಿದ ಮೇಲೆ ಗೆಳೆಯ ಈ ಸಲ ಹಾಡು ಯಾವಾಗ ಎಂದು ಕೇಳಲಿಲ್ಲ. ಕೊನೆಗೆ ಏನೋ ಒಂದು ಕಡಿಮೆಯಾಗೈತಿ, ಎಲ್ಲಾ ತಗ್ಗಿನ ದನಿನ ಅದಾವು, ಚೂಪಂದು ಒಂದು ಬೇಕು ಅಂದ. ಇಬ್ಬರೂ ಅದರ ಮೇಲೆ ಬಹಳ ಹೊತ್ತು ವಾದ ಮಾಡಿದರು. ಹಾರ್ವೆಸ್ಟರಿನ ತಿರುವು ಆಗಬಹುದೆಂದು ಒಬ್ಬ, ಸೈಕಲ್ ಬ್ರೇಕಿನ ಕೀಂ ಆಗಬಹುದೆಂದು ಇನ್ನೊಬ್ಬ. ಹೊರಗೆ ಸಂಜೆಯ ಮದುವೆಗೆ ಬಾಕ್ಸು ಏರಿಸಲು ಟ್ರ್ಯಾಕ್ಟರ್ ಬಂದು ಹಾರನ್ ಹೊಡೆಯುತ್ತಿತ್ತು. ಎದ್ದು ಲುಂಗಿ ಕಟ್ಟಿಕೊಳ್ಳುತ್ತ ಹುಡುಗ ನನ್ನ ಕಡೆ ತಿರುಗಿದ.

“ಬಾಯ್ಲರಿನ ಸೀಟಿ ನಾಳೆ ಮುಂಜಾನೆ ಐದಕ್ಕ ಹೊಡಿತಾರ್ರಿ ಸರ. ರೆಕಾರ್ಡ್ ಮಾಡಾಕ ಹೊಂಟೀವಿ, ನೀವೂ ಬರ್ರಿ.”